ಐವತ್ತೊಂಬತ್ತೂವರೆಗೆ ಬರುವ ಬುದ್ಧಿ

ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಮನುಷ್ಯನಿಗೆ ತನ್ನ ನಿವೃತ್ತಿಯ ದುಡ್ಡನ್ನು ತಾನೇ ಮುಟ್ಟುವಷ್ಟು ಬುದ್ಧಿ ಬರುವುದು ಐವತ್ತೊಂಬತ್ತೂವರೆ ವರ್ಷಕ್ಕೆ. ಐವತ್ತೊಂಬತ್ತಕ್ಕೆ ಬರುವುದಿಲ್ಲ. ಇನ್ನೂ ಆರು ತಿಂಗಳು ಕಾಯಬೇಕು. ನಮ್ಮಲ್ಲೋ ಅರವತ್ತಕ್ಕೆ ಅರಳು ಮರಳು. ಎರಡನ್ನೂ ನಂಬುವ ಅಮೆರಿಕದ ಕನ್ನಡಿಗನಿಗೆ ಬುದ್ಧಿ ನೆಟ್ಟಗಿರುವುದು ಜೀವಮಾನದಲ್ಲಿ ಆರೇ ತಿಂಗಳು. ಅಷ್ಟರೊಳಗೆ ದುಡ್ಡಿನ ಕೆಲಸವೆಲ್ಲ ಮುಗಿಸಿಕೊಂಡುಬಿಡಬೇಕು.

ಅದಕ್ಕೂ ಮುಂಚೆ ಕೈ ಹಾಕಿದರೆ ಮಾಮೂಲಿ ಆದಾಯ ತೆರಿಗೆಯ ಜೊತೆಗೆ ತೆಗೆದ ಮೊತ್ತದ ಶೇಕಡಾ 10 ದಂಡ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿದ್ದರೆ ರಾಜ್ಯದ ಕಡೆಯಿಂದ ಇನ್ನೂ ಎರಡೂವರೆ.

ಹಾಗಂತ ಸರ್ಕಾರಕ್ಕೆ ಕರುಳಿಲ್ಲ ಅನ್ನುವ ಹಾಗಿಲ್ಲ. ಕಾಲೇಜು ಫೀಸಿಗೆ ತೆಗೆದರೆ ದಂಡ ಮಾಫಿ ಎಂದು 1997ರಲ್ಲೇ ಕಾನೂನು ಮಾಡಿದೆ. ದುಡ್ಡು ಐಆರ್‌ಎ ಎಂಬ, ನಾವೇ ತೆರೆದುಕೊಳ್ಳುವ ನಿವೃತ್ತಿ ಖಾತೆಯಲ್ಲಿರಬೇಕು, ಅಷ್ಟೇ. ಕಂಪನಿಯವರು ಸಂಬಳದಲ್ಲಿ ಹಿಡಿದು ತುಂಬುವ 401ಕೆ ಖಾತೆಯಲ್ಲಿದ್ದರೆ ಮಾಫಿ ಇಲ್ಲ. ಅದೇ ಮಗಳು, ಅದೇ ಕಾಲೇಜು, ಅದೇ 20,000 ಡಾಲರ್ ಬಿಲ್ಲು. ಐಆರ್‌ಎಯಿಂದ ಕಟ್ಟಿದವನು ಜವಾಬ್ದಾರಿ ಇರುವ ಅಪ್ಪ. 401ಕೆಯಿಂದ ಕಟ್ಟಿದವನು 2,000 ಡಾಲರ್ ದಂಡ ತೆರಬೇಕಾದ ದುಂದುಗಾರ.

401ಕೆಯಲ್ಲೂ ಒಂದು ದಾರಿ ಇದೆ. ಹೆಸರು ಹಾರ್ಡ್‌ಶಿಪ್ ವಿತ್‌ಡ್ರಾಯಲ್. ಕಷ್ಟಕ್ಕೆ ಸಿಕ್ಕಿಕೊಂಡವರಿಗೆ ಮಾತ್ರ. ಮುಂದಿನ 12 ತಿಂಗಳ ಕಾಲೇಜು ಫೀಸು ಆ ಕಷ್ಟಗಳ ಪಟ್ಟಿಯಲ್ಲಿದೆ. ಅರ್ಜಿ ಹಾಕಿದರೆ, ಕಂಪನಿಯ ನಿಯಮ ಒಪ್ಪಿದರೆ, ದುಡ್ಡು ಸಿಗುತ್ತದೆ. ದಂಡ ಮಾತ್ರ ಹಾಗೇ ಇರುತ್ತದೆ. "ನೀವು ಕಷ್ಟದಲ್ಲಿದ್ದೀರಿ, ನಮಗೆ ಖಾತ್ರಿಯಾಗಿದೆ. ಈಗ ದಂಡ ಕಟ್ಟಿ" ಎನ್ನುವ ವ್ಯವಸ್ಥೆ. ಕಷ್ಟ ಇದೆಯೆಂದು ಸಾಬೀತು ಮಾಡಿದವನಿಗೇ ದಂಡ ಹಾಕುವ ಉಪಾಯ ನಮ್ಮ ತಾಲ್ಲೂಕು ಕಚೇರಿಗಳಿಗೂ ಇನ್ನೂ ಹೊಳೆದಿಲ್ಲ.

ಹಾಗಾದರೆ ದುಡ್ಡನ್ನು 401ಕೆಯಿಂದ ಐಆರ್‌ಎಗೆ ದಾಟಿಸಿ, ಅಲ್ಲಿಂದ ಫೀಸು ಕಟ್ಟಿದರೆ ಆಯಿತಲ್ವಾ? ಧಾರಾಳವಾಗಿ. ಕೆಲಸ ಬಿಟ್ಟರೆ ದಾಟಿಸಬಹುದು. ಅಥವಾ ಕೆಲಸವೇ ನಿಮ್ಮನ್ನು ಬಿಟ್ಟರೆ. ಅಲ್ಲೇ ದುಡಿಯುತ್ತಿರುವ ತನಕ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಯುಗಾದಿ ಊಟದಲ್ಲಿ ಯಾರಾದರೂ "ಲೇಆಫ್ ಆಯ್ತು ಸಾರ್" ಎಂದರೆ ಸುಮ್ನೆ ಅಯ್ಯೋ ಅನ್ನಬೇಡಿ. ಮಗಳು ಯಾವ ವರ್ಷ ಎಂದು ಕೇಳಿ. ಕಾಲೇಜಿಗೆ ಸೇರಿದ್ದರೆ ಅಭಿನಂದನೆ ಹೇಳಿ.

ಮಾಫಿ ಯಾರ ಯಾರ ಓದಿಗೆ ಅನ್ನುವುದೂ ಬರೆದಿಟ್ಟಿದೆ. ನಿಮ್ಮದು, ಹೆಂಡತಿಯದು ಅಥವಾ ಗಂಡನದು, ಮಕ್ಕಳದು, ಮೊಮ್ಮಕ್ಕಳದು. ಅಕ್ಕನ ಮಗ ಪಟ್ಟಿಯಲ್ಲಿಲ್ಲ. ಸೋದರಮಾವ ಅಂದರೆ ಏನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕಿವಿ ಚುಚ್ಚಿಸುವಾಗ ತೊಡೆ ಮೇಲೆ ಕೂರಿಸಿಕೊಂಡವನೇ ಮುಂದೆ ಆ ಹುಡುಗನ ಫೀಸು ಕಟ್ಟಲು ಹೋದರೆ, ಶೇಕಡಾ 10.

ದುಡ್ಡು ತೆಗೆದ ವರ್ಷ, ಫೀಸು ಕಟ್ಟಿದ ವರ್ಷ ಎರಡೂ ಒಂದೇ ಇರಬೇಕು. ಡಿಸೆಂಬರ್ 30ಕ್ಕೆ ತೆಗೆದು ಜನವರಿ 3ಕ್ಕೆ ಕಟ್ಟಿದರೆ ಕೆಟ್ಟಿರಿ. ಪುಸ್ತಕಕ್ಕೆ ಮಾಫಿ ಉಂಟು. ಅರ್ಧ ಹೊತ್ತಾದರೂ ಓದುವವರ ಊಟ, ವಸತಿಗೂ ಉಂಟು. ರಜೆಗೆ ಮನೆಗೆ ಬರುವ ವಿಮಾನದ ಟಿಕೆಟ್ಟಿಗೆ ಇಲ್ಲ. ಓದಲಿ, ಬರುವುದು ಬೇಡ. ಇನ್ನು ಖಾತೆ ಇಟ್ಟುಕೊಂಡ ಸಂಸ್ಥೆ "ಅವಧಿಗೆ ಮುಂಚೆ ತೆಗೆದಿದ್ದಾನೆ, ವಿನಾಯಿತಿ ಏನೂ ನಮಗೆ ಗೊತ್ತಿಲ್ಲ" ಎಂದು ಸರ್ಕಾರಕ್ಕೆ ಚಾಡಿ ಹೇಳಿರುತ್ತದೆ. ನೀವು ತೆರಿಗೆಯ ಫಾರ್ಮ್ 5329ರಲ್ಲಿ ಓದಿನ ವಿನಾಯಿತಿಯ ಸಂಖ್ಯೆ 08 ಎಂದು ಬರೆದು, ಇಲ್ಲ ಸ್ವಾಮಿ, ಮಗಳನ್ನು ಓದಿಸಿದೆ ಎಂದು ತಿಳಿಸಬೇಕು.

ತಮಾಷೆ ಎಂದರೆ ಇದರ ಉಲ್ಟಾ ದಾರಿಯೂ ಈಗ ತೆರೆದಿದೆ. ಮಕ್ಕಳ ಓದಿಗೆಂದೇ ಕೂಡಿಡುವ 529 ಖಾತೆಯಲ್ಲಿ ಉಳಿದ ದುಡ್ಡನ್ನು 2024ರಿಂದ ಆ ಮಕ್ಕಳ ನಿವೃತ್ತಿ ಖಾತೆಗೆ ಹಾಕಬಹುದು. ವರ್ಷಕ್ಕಿಷ್ಟೇ ಎಂಬ ಮಿತಿಯಲ್ಲಿ, ಒಟ್ಟು 35,000 ಡಾಲರ್ ತನಕ. ಖಾತೆಗೆ 15 ವರ್ಷ ತುಂಬಿರಬೇಕು. ಅಪ್ಪ ಮುಪ್ಪಿನ ದುಡ್ಡು ತೆಗೆದು ಫೀಸು ಕಟ್ಟಲಿ, ಇಪ್ಪತ್ತೆರಡರ ಮಗಳು ಫೀಸಿನ ದುಡ್ಡಲ್ಲಿ ಮುಪ್ಪಿಗೆ ತಯಾರಾಗಲಿ.

ಸರಿ, ಇಷ್ಟೆಲ್ಲ ದಾಟಿ ಐಆರ್‌ಎಯಿಂದ ದಂಡವಿಲ್ಲದೆ ದುಡ್ಡು ತೆಗೆದಿರಿ ಅನ್ನಿ. ಮಾಫಿಯಾದದ್ದು ದಂಡ. ತೆರಿಗೆ ಅಲ್ಲ. ತೆಗೆದದ್ದು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಕಾಲೇಜಿನ ಸಹಾಯಧನಕ್ಕೆ ಫಾಫ್ಸಾ ಎಂಬ ಅರ್ಜಿ ತುಂಬಬೇಕಲ್ಲ, ಅದರಲ್ಲಿ ನಿವೃತ್ತಿ ಖಾತೆಯಲ್ಲಿ ಮಲಗಿರುವ ದುಡ್ಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಬ್ಬಿಸಿದ ಕೂಡಲೇ ಹಿಡಿಯುತ್ತಾರೆ. ಅವರು ನೋಡುವುದು ಎರಡು ವರ್ಷ ಹಿಂದಿನ ಆದಾಯ. ಮೊದಲ ವರ್ಷದ ಫೀಸಿಗೆಂದು 2026ರಲ್ಲಿ ತೆಗೆದದ್ದು 2028–29ರ ಅರ್ಜಿಯಲ್ಲಿ ಎದ್ದು ನಿಲ್ಲುತ್ತದೆ. ಓಹೋ, ಇವರಿಗೆ ಆದಾಯ ಜಾಸ್ತಿ ಎಂದು ಸಹಾಯಧನ ಇಳಿಯುತ್ತದೆ. ಆಗ ಮೂರನೇ ವರ್ಷದ ಫೀಸಿಗೆ ದುಡ್ಡು ಸಾಲುವುದಿಲ್ಲ. ಐಆರ್‌ಎ ಅಷ್ಟರಲ್ಲಿ ಖಾಲಿ. ಪರವಾಗಿಲ್ಲ, 401ಕೆ ಇದೆಯಲ್ಲ. ಕಷ್ಟದ ಅರ್ಜಿ ಹಾಕಿದರಾಯಿತು.