ಎಲ್‌ಎಫ್–ಎಚ್‌ಎಫ್ ಅನುಪಾತದ ಬಗ್ಗೆ ಒಂದು ತಕರಾರು

ಹೃದಯ ಬಡಿತದ ಏರಿಳಿತವನ್ನು, ಅಂದರೆ ಬಡಿತಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗುವುದನ್ನು, ನಮ್ಮ ಇಚ್ಛೆಯಿಲ್ಲದೆಯೇ ಕೆಲಸ ಮಾಡುವ ಸ್ವಾಯತ್ತ ನರಮಂಡಲದ ಕಿಟಕಿಯೆಂದು ವಿವರಿಸಿದ ಲೇಖನ ಚೆನ್ನಾಗಿದೆ. ಆದರೆ ಆ ಏರಿಳಿತದ ನಿಧಾನ ಲಯದ ಭಾಗವಾದ ಎಲ್‌ಎಫ್ (ಲೋ ಫ್ರೀಕ್ವೆನ್ಸಿ) ಮತ್ತು ವೇಗದ ಲಯದ ಭಾಗವಾದ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಇವುಗಳ ಅನುಪಾತವನ್ನು, ಬಡಿತವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ಹಾಗೂ ನಿಧಾನಗೊಳಿಸುವ ಪ್ಯಾರಾಸಿಂಪಥೆಟಿಕ್ ನರಗಳನ್ನು ತೂಗುವ ತಕ್ಕಡಿಯೆಂದೇ ಹೇಳಿರುವುದನ್ನು ನಾನು ಒಪ್ಪಲಾರೆ. ಉಸಿರು ಒಳಗೆಳೆದುಕೊಂಡಾಗ ಬಡಿತ ಚುರುಕಾಗಿ, ಹೊರಬಿಟ್ಟಾಗ ನಿಧಾನವಾಗುವುದು ಮುಖ್ಯವಾಗಿ ಪ್ಯಾರಾಸಿಂಪಥೆಟಿಕ್ ಗುಂಪಿನ ವೇಗಸ್ ನರದ ಕೆಲಸ. ಅದು ಸ್ರವಿಸುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಕ್ಷಣಮಾತ್ರದಲ್ಲಿ ಪರಿಣಾಮ ತೋರಿ ಅಷ್ಟೇ ಬೇಗ ಇಲ್ಲವಾಗುತ್ತದೆ, ಸಿಂಪಥೆಟಿಕ್ ನರಗಳ ಪ್ರಭಾವವಾದರೋ ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ 0.15ರಿಂದ 0.4 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಆವರ್ತನೆ ಎಂಬ ಅಳತೆ) ಎಚ್‌ಎಫ್ ಭಾಗವನ್ನು ವೇಗಸ್‌ನ ಸೂಚಿಯೆಂದು ಓದಲು ಅಡ್ಡಿಯಿಲ್ಲ. 0.04ರಿಂದ 0.15 ಹರ್ಟ್ಸ್‌ನ ಎಲ್‌ಎಫ್ ಭಾಗ ಅಷ್ಟು ಸರಳವಲ್ಲ: ಅದರಲ್ಲಿ ರಕ್ತದೊತ್ತಡವನ್ನು ಕಾಯುವ ಬ್ಯಾರೋರಿಫ್ಲೆಕ್ಸ್‌ನ ಪಾಲೂ ಇದೆ, ವೇಗಸ್‌ನ ಪಾಲೂ ಇದೆ. ನಿಮಿಷಕ್ಕೆ ಆರು ಬಾರಿ ಮಾತ್ರ ಉಸಿರಾಡಿದರೆ ಉಸಿರಿನ ಲಯ 0.1 ಹರ್ಟ್ಸ್‌ಗೆ ಇಳಿದು ಎಲ್‌ಎಫ್‌ನೊಳಗೇ ಸೇರಿಕೊಳ್ಳುವುದರಿಂದ, ಶಾಂತವಾಗಿ ಪ್ರಾಣಾಯಾಮಕ್ಕೆ ಕುಳಿತವರ ಅನುಪಾತವೂ ಮಾನಸಿಕ ಒತ್ತಡದಲ್ಲಿರುವವರ ಅನುಪಾತದಂತೆ ಏರಿಬಿಡುತ್ತದೆ! 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರು ಜಂಟಿಯಾಗಿ ಹೊರತಂದ ಮಾರ್ಗಸೂಚಿಯೇ ಎಲ್‌ಎಫ್‌ನ ಅರ್ಥದ ಬಗ್ಗೆ ಭಿನ್ನಾಭಿಪ್ರಾಯವಿದೆಯೆಂದು ದಾಖಲಿಸಿತ್ತು. ಮಣಿಕಟ್ಟಿನ ಸಾಧನ ಬಳಸುವವರು ಈ ಅನುಪಾತವನ್ನು ಬದಿಗಿಟ್ಟು, ಪಕ್ಕಪಕ್ಕದ ಬಡಿತಗಳ ಅಂತರದಲ್ಲಿನ ವ್ಯತ್ಯಾಸವನ್ನು ಅಳೆಯುವ ಆರ್‌ಎಂಎಸ್‌ಎಸ್‌ಡಿಯನ್ನು ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಭಂಗಿಯಲ್ಲಿ ನೋಡಿ, ಬೇರೆಯವರ ಅಂಕಿಯೊಡನೆ ಅಲ್ಲದೆ ತಮ್ಮದೇ ಹಿಂದಿನ ವಾರಗಳೊಡನೆ ಹೋಲಿಸಿಕೊಳ್ಳುವುದು ಲೇಸು.