ಮೊಜಾರ್ಟ್‌ನನ್ನು ಪೂರ್ತಿ ನುಡಿಸಿ

ವಿಯೆನ್ನಾದ ಸೇಂಟ್ ಸ್ಟೀಫನ್ ಕೆಥೆಡ್ರಲ್‌ನ ದಕ್ಷಿಣ ಗೋಪುರದ 343 ಮೆಟ್ಟಿಲು ಹತ್ತಿಳಿದು ಉಸಿರು ಬಿಡುವಷ್ಟರಲ್ಲಿ, ಬಿಳಿ ವಿಗ್ಗು, ಕೆಂಪು ಕೋಟು ತೊಟ್ಟು ಸಂಜೆಯ ಮೊಜಾರ್ಟ್ ಕಛೇರಿಯ ಟಿಕೆಟ್ ಮಾರುವವರು ಮುತ್ತಿಕೊಳ್ಳುತ್ತಾರೆ. ಅದನ್ನಾದರೂ ಸಹಿಸಬಹುದು, ಅವರ ಹೊಟ್ಟೆಪಾಡು. ನನ್ನ ಸಿಟ್ಟೆಲ್ಲ ಆ ಕಛೇರಿಯ ಮೇಲೆ.

ಮೊಜಾರ್ಟ್ 1782ರಲ್ಲಿ ಮದುವೆಯಾದದ್ದು ಇದೇ ಕೆಥೆಡ್ರಲ್‌ನಲ್ಲಿ. ನಾಲ್ಕು ಭಾಗಗಳ ವಾದ್ಯವೃಂದ ಕೃತಿಯಾದ 40ನೇ ಸಿಂಫೊನಿಯನ್ನು 1788ರಲ್ಲಿ ಬರೆದದ್ದು ಇದೇ ಊರಿನಲ್ಲಿ. ಅದನ್ನು ಇಲ್ಲಿಯೇ ಕೇಳುವ ಆಸೆಯಿಂದ ಕುಳಿತರೆ, ಮೊದಲ ಭಾಗ ಮುಗಿಯುತ್ತಿದ್ದಂತೆ ವಾದಕರು ಹಾಳೆ ಬದಲಿಸಿದರು, ಗಾಯಕಿಯೊಬ್ಬರು ಬಂದು ನಿಂತರು, ಬೇರೆಯದೇ ಹಾಡು ಶುರುವಾಯಿತು. ಉಳಿದ ಮೂರು ಭಾಗಗಳು ಎಲ್ಲಿ ಹೋದವು? ಪಲ್ಲವಿ ಹಾಡಿ, ಅನುಪಲ್ಲವಿ, ಚರಣಗಳನ್ನು ನುಂಗಿ ಮಂಗಳಕ್ಕೆ ಹಾರಿದರೆ ನಮ್ಮ ರಾಮನವಮಿ ಕಛೇರಿಯ ರಸಿಕರು ಸುಮ್ಮನಿರುತ್ತಾರೆಯೇ?

ಆ ಎರಡನೆಯ ಭಾಗವನ್ನು ಕೇಳಿದವರಿಗೆ ಗೊತ್ತು. ಪಿಟೀಲಿಗಿಂತ ತುಸು ದೊಡ್ಡ ವಾದ್ಯಗಳಾದ ವಯೋಲಾಗಳು ಒಂದೇ ಸ್ವರವನ್ನು ಮೆಲ್ಲಗೆ ಮತ್ತೆ ಮತ್ತೆ ಒತ್ತುತ್ತಾ ತೊಡಗುತ್ತವೆ. ಅವುಗಳ ಮೇಲೆ ಎರಡನೆಯ ಸಾಲಿನ ಪಿಟೀಲುಗಳು, ಆಮೇಲೆ ಮೊದಲ ಸಾಲಿನವು. ಮೊದಲ ಭಾಗದ ತಳಮಳ ಕೇಳಿದ ಕಿವಿಗೆ ಆ ನಿಧಾನ ಬೇಕೇ ಬೇಕು. ಅದನ್ನೇ ಕಿತ್ತು ಬಿಸಾಡಿದ್ದಾರೆ!

ಪ್ರವಾಸಿಗರಿಗೆ ತಾಳ್ಮೆಯಿಲ್ಲ ಎಂಬ ಸಮಜಾಯಿಷಿ ಬೇಡ. ಇಡೀ ಕೃತಿಯೇ ಸುಮಾರು ಅರ್ಧ ಗಂಟೆಯದು. ಕತ್ತರಿಸಲೇಬೇಕೆಂದಿದ್ದರೆ ಟಿಕೆಟ್ ಮೇಲೆ ‘ಮೊದಲ ಭಾಗ ಮಾತ್ರ’ ಎಂದು ಅಚ್ಚು ಹಾಕಲಿ. ಆಗ ನನ್ನಂಥವರು ಆ ದುಡ್ಡು ಉಳಿಸಿ, ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಕೊಳ್ಳುತ್ತೇವೆ.