ನಮ್ಮ ಜಿಲ್ಲೆಯ ಬೆಂಕಿಯ ಚಿತ್ರ ಯಾರಾದರೂ ಬಿಡಿಸಿ

ನಮ್ಮ ಚಿತ್ರದುರ್ಗ ಜಿಲ್ಲೆಯ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ ಅಲ್ವಾ, ಅಲ್ಲಿನ ಬಂಡೆ ಸಮುದ್ರದ ತಳದಲ್ಲಿ ಉಕ್ಕಿ ಬಂದ ಲಾವಾ. ಸುಮಾರು 250 ಕೋಟಿ ವರ್ಷ ಹಳೆಯದು. 1976ರಲ್ಲೇ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಆದರೆ ದುರ್ಗದಲ್ಲಿ ಯಾವ ಗೋಡೆ ನೋಡಿದರೂ ಕೋಟೆ, ಓಬವ್ವ, ಮದಕರಿ. ಅವರು ಇರಲೇಬೇಕು. ಈ ಲಾವಾದ ಒಂದು ಚಿತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ ಅನ್ನೋದೇ ಬೇಜಾರು.

ಆ ಬಂಡೆಯನ್ನು ಕೂತು ನೋಡಬೇಕು. ಒಂದರ ಮೇಲೊಂದು ಒಟ್ಟಿದ ದಿಂಬುಗಳು. ಕುದಿಯುವ ಲಾವಾ ನೀರಿಗೆ ತಾಗಿದ ಕೂಡಲೇ ಮೇಲಿನ ಪದರ ಗಟ್ಟಿಯಾಗುತ್ತೆ, ಒಳಗೆ ಇನ್ನೂ ಕೆಂಡ, ಆ ಒತ್ತಡಕ್ಕೆ ಸಿಪ್ಪೆ ಬಿರಿದು ಇನ್ನೊಂದು ಉಂಡೆ ಹೊರಬರುತ್ತೆ, ಅದು ಮೆತ್ತಗಿರುವಾಗಲೇ ಕೆಳಗಿನ ಎರಡರ ಸಂದಿಗೆ ಇಳಿದು ಕೂರುತ್ತೆ. ಆ ಇಳಿದ ಆಕಾರ ಇವತ್ತಿಗೂ ಕಲ್ಲಲ್ಲಿ ಕಾಣುತ್ತೆ!

ನೀರೊಳಗಿನ ಬೆಂಕಿ ನಮ್ಮ ಕಥೆಗಳಿಗೂ ಹೊಸದಲ್ಲ. ಮಹಾಭಾರತದಲ್ಲಿ ಔರ್ವ ಋಷಿ ತನ್ನ ಕುಲದವರನ್ನು ಕೊಂದ ಸಿಟ್ಟಿಗೆ ಲೋಕವನ್ನೇ ಸುಡಲು ಹೊರಡುತ್ತಾನೆ. ಪಿತೃಗಳು ತಡೆದಾಗ ಆ ಸಿಟ್ಟನ್ನು ಸಮುದ್ರಕ್ಕೆ ಬಿಡುತ್ತಾನೆ. ಅದೇ ಬಡಬಾಗ್ನಿ, ಕುದುರೆ ಮುಖದ ಬೆಂಕಿ, ನೀರು ಕುಡಿಯುತ್ತಲೇ ಉರಿಯುತ್ತೆ. ಬಣ್ಣ ಹಿಡಿದವರಿಗೆ ಇದಕ್ಕಿಂತ ಇನ್ನೇನು ಬೇಕು? ದುರ್ಗದ ಬಂಡೆಗಳು ಭೀಮ, ಹಿಡಿಂಬ ಕಿತ್ತಾಡುವಾಗ ಎಸೆದಾಡಿದವು ಅಂತ ಹೇಳುವ ಊರು ನಮ್ಮದು, ಕಥೆಗೆ ಬರವೇ ಇಲ್ಲ.

ಇಂಗ್ಲೆಂಡಿನ ಚಿತ್ರಕಾರ ಜೋಸೆಫ್ ರೈಟ್ 1774ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ನೋಡಿ ಬಂದ. ಆಮೇಲೆ ಅದನ್ನೇ ಮತ್ತೆ ಮತ್ತೆ ಬರೆದ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಜಪಾನಿನವರದು. ನಮ್ಮಲ್ಲಿ ಆದಿಶೇಷ ಹೆಡೆ ಅಲ್ಲಾಡಿಸಿದರೆ ಭೂಮಿ ನಡುಗುತ್ತೆ ಅಂತಾರೆ, ಅಲ್ಲಿ ನೆಲದಡಿ ನಮಾಜು ಅನ್ನೋ ದೊಡ್ಡ ಮೀಸೆ ಮೀನು. ಕಾಶಿಮಾ ದೇವರು ಕಲ್ಲು ಹೇರಿ ಅದನ್ನು ಒತ್ತಿ ಹಿಡಿದಿರುತ್ತಾನೆ. 1855ರಲ್ಲಿ ಎಡೋ ನಗರ, ಅಂದರೆ ಈಗಿನ ಟೋಕಿಯೊ, ಭೂಕಂಪಕ್ಕೆ ಕುಸಿದು ಬಿದ್ದಾಗ ಕಲಾವಿದರು ಬೇಗ ಬೇಗನೆ ಮರದ ಅಚ್ಚಿನಲ್ಲಿ ಈ ಮೀನಿನ ಚಿತ್ರ ಮುದ್ರಿಸಿ ಮಾರಿದರು. ಒಂದರಲ್ಲಿ ಜನ ಸೇರಿ ಮೀನಿಗೆ ಬಾರಿಸುತ್ತಿದ್ದಾರೆ. ಇನ್ನೊಂದರಲ್ಲಿ ಮನೆ ಕಟ್ಟೋ ಕೆಲಸ ಸಿಕ್ಕ ಬಡಗಿಗಳಿಗೆ ಅದೇ ಮೀನು ಬೇಕಾದವನು. ಭಯ, ಸಿಟ್ಟು, ಹೊಟ್ಟೆಪಾಡು ಎಲ್ಲವೂ ಒಂದು ಹಾಳೆಯಲ್ಲಿ. ಕಲೆ ಅಂದ್ರೆ ನನಗೆ ಇದು.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗ ಹುಡುಗಿಯರೇ, ಶಾಲೆಗಳ ಡ್ರಾಯಿಂಗ್ ಮೇಷ್ಟ್ರೇ, ಒಂದು ಭಾನುವಾರ ಮರಡಿಹಳ್ಳಿಗೆ ಹೋಗಿ. ಬೆಳಗಿನ ಓರೆ ಬಿಸಿಲಲ್ಲಿ ದಿಂಬಿನ ಅಂಚು ಚೆನ್ನಾಗಿ ಎದ್ದು ಕಾಣುತ್ತೆ. ಬಿಡಿಸಿದ್ದನ್ನು ಇಲ್ಲೇ ಕಾಮೆಂಟಲ್ಲಿ ಹಾಕಿ. ಕಲ್ಲಿನ ಮೇಲೆ ಮಾತ್ರ ಬಣ್ಣ ಬಳಿಯಬೇಡಿ, ಚೂರೂ ಒಡೆದು ತರಬೇಡಿ.